ಮುಂಗಡ ಕೊಡದೆ 38 ತೋಟದ ಚೇಣಿ ಹಿಡಿದಿದ್ದು: ನನ್ನ ಅನುಭವ

ಹೋದ ಸೀಸನ್ನಿನಲ್ಲಿ ತೀರ್ಥಹಳ್ಳಿ, ಕೋಣಂದೂರು ಸುತ್ತಿನ 38 ತೋಟದ ಹಸಿ ಅಡಿಕೆ ನನ್ನ ಅಂಗಳಕ್ಕೆ ಬಂತು. ಒಬ್ಬರಿಗೂ ಒಂದು ರೂಪಾಯಿ ಮುಂಗಡ ಕೊಟ್ಟಿರಲಿಲ್ಲ. ಚೇಣಿ ಅಂದರೆ ತೋಟದ ಹಸಿ ಅಡಿಕೆ ಕೊಯ್ದು ತಂದು, ಸುಲಿದು ಬೇಯಿಸಿ ಒಣಗಿಸಿ, ಕ್ವಿಂಟಾಲ್ ಹಸಿಗೆ ಇಷ್ಟು ಕೆಜಿ ಒಣ ಅಡಿಕೆ ಅಂತ ತೋಟದವರಿಗೆ ಕೊಡೋ ಒಪ್ಪಂದ; ಮಿಕ್ಕಿದ್ದು ಚೇಣಿಯವನಿಗೆ. ಮುಂಗಡ ಇಲ್ಲದೆ ಚೇಣಿ ಸಿಗೋದಿಲ್ಲ ಅಂತ ಐದಾರು ವರ್ಷದಿಂದ ನನಗೆ ಬುದ್ಧಿ ಹೇಳುತ್ತಿದ್ದವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳೋ ಬದಲು ಬರೆದೇ ಬಿಡೋಣ ಅನ್ನಿಸಿತು. ಬೇಯಿಸೋ ಹಂಡೆ, ಸುಲಿಯೋ ಯಂತ್ರ, ಚೊಗರು (ಅಡಿಕೆ ಬೇಯಿಸಿದ ಗಟ್ಟಿ ನೀರು, ಅಡಿಕೆಗೆ ಬಣ್ಣ ಕೊಡೋದು), ಇವೆಲ್ಲ ಕಸುಬಿನವರಿಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. 2019ರಲ್ಲಿ ಶುರು ಮಾಡಿದೆ. ಮನೆಯವಳ ಬಂಗಾರ ಅಡ ಇಟ್ಟು, ಸೊಸೈಟಿಯಲ್ಲಿ ಸ್ವಲ್ಪ ಎತ್ತಿ, ಎಲ್ಲಾ ಸೇರಿ ನಾಲ್ಕು ಲಕ್ಷದ ಹತ್ತಿರ ಆಯಿತು. ಅದನ್ನು ಒಂಬತ್ತು ಜನಕ್ಕೆ ಮುಂಗಡ ಹಂಚಿದೆ. ಆ ವರ್ಷದ ಆಗಸ್ಟ್ ಮಳೆ ನೆನಪಿದೆಯಲ್ವಾ? ಕೊಳೆ ರೋಗ ಬಂದು ಕೆಲವು ತೋಟದಲ್ಲಿ ಅರ್ಧಕ್ಕರ್ಧ ಕಾಯಿ ನೆಲ ಸೇರಿತು. ಮುಂಗಡ ತಿರುಗಿ ಕೊಡಿ ಅಂತ ಯಾವ ಬಾಯಲ್ಲಿ ಕೇಳೋದು? ಬೆಳೆಗಾರರೂ ಮುಳುಗಿದ್ದರು. ಉಳಿದ ಅಡಿಕೆ ಕೊಟ್ಟ ಮಂಡಿಯವರೊಬ್ಬರು ದುಡ್ಡನ್ನು ಮೂರು ತಿಂಗಳು ಎಳೆದರು. ಕೈಯಿಂದ ಹೋಗಿದ್ದು ಸುಮಾರು ಎರಡೂಮುಕ್ಕಾಲು ಲಕ್ಷ.

ಮರುವರ್ಷ ಮುಂಗಡ ಕೊಡಲು ದುಡ್ಡಿರಲಿಲ್ಲ. ಅದಕ್ಕೆ ಕೆಜಿ ಜಾಸ್ತಿ ಹೇಳಿದೆ. ಕ್ವಿಂಟಾಲ್ ಹಸಿಗೆ ಬೇರೆಯವರು ಹನ್ನೊಂದೂವರೆ ಕೆಜಿ ಒಣ ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಕೊಡುತ್ತೇವೆ ಅಂದರೆ ನಾನು ಹನ್ನೆರಡೂವರೆ ಅಂದೆ. ಹನ್ನೊಂದು ತೋಟ ಸಿಕ್ಕಿತು. ಮೊದಲ ಕೊಯ್ಲಿನಲ್ಲಿ ಎಳೆಕಾಯಿ ಜಾಸ್ತಿ ಇತ್ತು. ಒಣಗಿಸಿ ತೂಗಿದರೆ ಹನ್ನೆರಡೂ ಮುಟ್ಟಲಿಲ್ಲ. ಒಪ್ಪಿದ ಮಾತಿಗೆ ಕೈಯಿಂದ ಅಡಿಕೆ ಕೊಂಡು ತುಂಬಿಸಿಕೊಟ್ಟೆ. ಅದರಲ್ಲಿ ಮತ್ತೆ ಒಂದು ಲಕ್ಷದ ಮೇಲೆ ಹೋಯಿತು. ಆದರೆ ಆ ಹನ್ನೊಂದು ಮನೆಯಲ್ಲಿ ಒಂದು ಮನೆಯೂ ನನ್ನನ್ನು ಈವರೆಗೆ ಬಿಟ್ಟಿಲ್ಲ.

ದಾರಿ ತೋರಿಸಿದ್ದು ಒಬ್ಬ ಭಟ್ಟರ ಮಾತು. ಜಗಲಿ ಮೇಲೆ ಕೂತು ಕವಳ ಹಾಕಿಕೊಳ್ಳುತ್ತಾ ಹೇಳಿದರು: "ನೀ ಹನ್ನೆರಡು ಅಂತೀಯ, ಅವ ಹನ್ನೆರಡೂಕಾಲು ಅಂತಾನೆ. ನನ್ನ ತೋಟದ ಅಡಿಕೆ ನಿಜಕ್ಕೂ ಎಷ್ಟು ಬರ್ತದೆ ಅಂತ ಒಬ್ಬನಾದ್ರೂ ತೋರ್ಸಿದ್ದಾನಾ ಮಾರಾಯಾ?" ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಸುಬೇ ಅದರ ಮೇಲೆ ನಿಂತಿದೆ, ತೋಟದವನಿಗೆ ಇಳುವರಿ ಗೊತ್ತಾಗಬಾರದು ಅಂತ. ಅದನ್ನೇ ತೋರಿಸಿಬಿಟ್ಟರೆ?

ತೋರಿಸಿದೆ. ಕೊಯ್ಲಿಗೆ ಮೊದಲು ಪ್ರತಿ ತೋಟದಿಂದ 20 ಕೆಜಿ ಹಸಿ ಕಾಯಿ. ಯಾವ ಕೊನೆ ಇಳಿಸಬೇಕು ಅಂತ ಯಜಮಾನರೇ ಹೇಳಬೇಕು. ಸುಲಿದು, ಈರುಳ್ಳಿ ಬರುವ ಬಲೆ ಚೀಲದಲ್ಲಿ ಕಟ್ಟಿ, ಹೆಸರು ಬರೆದ ತಗಡಿನ ಚೂರು ಪೋಣಿಸಿ, ಎಲ್ಲಾ ಚೀಲವನ್ನೂ ಬೇಯಿಸಲು ಒಂದೇ ಹಂಡೆಗೆ ಬಿಡುತ್ತೇನೆ. ಒಣಗಿದ ಮೇಲೆ ಚೀಲವನ್ನು ಅವರ ಮನೆಗೇ ಒಯ್ದು ಅವರ ತಕ್ಕಡಿಯಲ್ಲೇ ತೂಗೋದು. ನನ್ನ ತಕ್ಕಡಿ ಮುಟ್ಟೋದಿಲ್ಲ. ಭಟ್ಟರ ಮನೆಯಲ್ಲಿ ಮೊದಲ ಸಲ ತೂಗಿದಾಗ 2 ಕೆಜಿ 640 ಗ್ರಾಂ ಬಂತು. ಅಂದರೆ ಕ್ವಿಂಟಾಲಿಗೆ 13 ಕೆಜಿ 200. ಅವರು ಒಂದು ಅಡಿಕೆ ತೆಗೆದು ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ ಒಳಗೆ ಒಣಗಿದೆಯಾ ಅಂತ ನೋಡಿದರು, ಮೂಸಿದರು, ಒಳಗಿದ್ದ ಅಮ್ಮನನ್ನು ಕರೆದು ತೋರಿಸಿದರು. ಆಮೇಲೆ ನಾನು ನನ್ನ ಲೆಕ್ಕವನ್ನೂ ಬಿಡಿಸಿ ಹೇಳಿದೆ. ಕೊನೆ ಇಳಿಸೋದು, ಸಾಗಣೆ, ಸುಲಿತ, ಸೌದೆ ಎಲ್ಲಾ ಸೇರಿ ಕ್ವಿಂಟಾಲ್ ಹಸಿಗೆ 500 ರೂಪಾಯಿ ಹತ್ತಿರ ಖರ್ಚು. ನನಗೆ ಒಂದೂವರೆ ಕೆಜಿ ಬಿಡಿ, ಉಳಿದದ್ದು ನಿಮ್ಮದು. ರಾಶಿ ಕ್ವಿಂಟಾಲಿಗೆ 45-50 ಸಾವಿರದ ಆಸುಪಾಸು ಇದ್ದರೆ ಆ ಒಂದೂವರೆ ಕೆಜಿಯಲ್ಲಿ ಖರ್ಚು ಕಳೆದು ನನಗೆ ಇನ್ನೂರು ರೂಪಾಯಿ ಉಳಿಯುತ್ತದೆ.

ಜೊತೆಯ ಚೇಣಿಯವರು ಸುಮ್ನೆ ಇರಲಿಲ್ಲ. "ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕಿಕೊಂಡೆ, ನಮ್ಮ ಕಾಲ ಮೇಲೂ ಹಾಕಿದೆ" ಅಂದರು. ಎರಡು ವರ್ಷ ಸಂತೆಯಲ್ಲಿ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋದವರಿದ್ದಾರೆ. ಆದರೆ ಒಂದು ಮನೆಯಲ್ಲಿ ತೂಗಿದ್ದು ಹತ್ತು ಮನೆಗೆ ಗೊತ್ತಾಗುತ್ತದೆ. ಭೂಮಿ ಹುಣ್ಣಿಮೆ ಹೊತ್ತಿಗೆ ಎಂಟು ಹೊಸ ಮನೆಯವರು ತಾವಾಗಿಯೇ ಕರೆದರು. ನಾನು ಊರಲ್ಲಿ ದೊಡ್ಡ ಮನುಷ್ಯನಲ್ಲ, ನಮ್ಮದು ಅರ್ಧ ಎಕರೆ ತೋಟ. ಈಗ ಇಬ್ಬರು ಅಣ್ಣತಮ್ಮಂದಿರ ನಡುವೆ ಅಡಿಕೆ ಪಾಲಿನ ತಕರಾರು ಬಂದರೂ ತೂಗಲು ನನ್ನನ್ನೇ ಕರೆಯುತ್ತಾರೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಮೊದಲ ಕೊಯ್ಲಿನ ಲೆಕ್ಕ ಎರಡನೇ ಕೊಯ್ಲಿಗೆ ಹೊಂದೋದಿಲ್ಲ. ಪ್ರತಿ ಕೊಯ್ಲಿಗೂ ಬೇರೆ ಚೀಲ ಹಾಕಬೇಕು. 20 ಕೆಜಿಯಲ್ಲಿ ಎಳೆಕಾಯಿ, ಬಲಿತ ಕಾಯಿ ಎಷ್ಟೆಷ್ಟು ಸೇರಿದರೆ ಇಡೀ ತೋಟದ ಲೆಕ್ಕಕ್ಕೆ ಹತ್ತಿರ ಬರುತ್ತದೆ ಅನ್ನೋದನ್ನು ನಾನು ಮೂರು ವರ್ಷ ತಪ್ಪು ಮಾಡಿ ಕಲಿತಿದ್ದೇನೆ. ಅದನ್ನು ಇಲ್ಲಿ ಬರೆಯೋದಿಲ್ಲ. ಚೊಗರಿನ ಹದವನ್ನೂ ಕೇಳಬೇಡಿ.

ತೋಟದವರು ಸಿಕ್ಕರೆ ಸಾಲದು, ಸುಲಿಯುವವರು ನಿಲ್ಲಬೇಕು. ನನ್ನಲ್ಲಿ 22 ಹೆಂಗಸರು, ಯಂತ್ರ ಇದ್ದರೂ ಅರ್ಧ ಕೆಲಸ ಮೆಟ್ಟುಗತ್ತಿಯಲ್ಲೇ. ಎರಡು ವರ್ಷ ದೀಪಾವಳಿ ಹೊತ್ತಿಗೆ ಅರ್ಧ ಜನ ಬೇರೆ ಕಡೆ ಹೋದರು. ಕೆಜಿಗೆ ಒಂದು ರೂಪಾಯಿ ಜಾಸ್ತಿ ಸಿಗುತ್ತದೆ ಅಂತ ಹೋದರು ಅಂದುಕೊಂಡಿದ್ದೆ. ಕಾರಣ ಅದಲ್ಲ. ಒಂದು ಸಂಜೆ ನಾನೇ ಖಾಲಿ ಬುಟ್ಟಿ ತೂಗಿದೆ. ಅವರು ಸುಲಿದ ಅಡಿಕೆ ತೂಗುವಾಗ ನಾವು ಬುಟ್ಟಿಗೆ ಅಂತ ಒಂದು ಕೆಜಿ ಕಳೆಯುತ್ತಿದ್ದೆವು. ಬುಟ್ಟಿ ಇದ್ದದ್ದು 700 ಗ್ರಾಂ! ಹಳೇ ಬುಟ್ಟಿಯ ಲೆಕ್ಕವನ್ನೇ ಹೊಸ ಪ್ಲಾಸ್ಟಿಕ್ ಬುಟ್ಟಿಗೂ ಹಿಡಿದಿದ್ದೆವು. ಹಿರಿಯ ಅಕ್ಕ ಒಬ್ಬರನ್ನು ಕೇಳಿದೆ. "ನಮಗೆ ಗೊತ್ತಿತ್ತು ತಮ್ಮಾ, ಹೇಳಿದ್ರೆ ನೀ ಕೆಲಸಕ್ಕೆ ಬ್ಯಾಡ ಅಂತೀಯೇನೋ ಅಂತ ಸುಮ್ನಿದ್ವಿ" ಅಂದರು. ಹೊಟ್ಟೆ ಚುರ್ ಅಂತು. ಮೂರು ವಾರದ ಲೆಕ್ಕ ತೆಗೆದು ಐದೂವರೆ ಸಾವಿರದಷ್ಟು ಎಲ್ಲರಿಗೂ ಹಂಚಿದೆ. ಅವತ್ತಿನಿಂದ ತೂಗೋದು, ಬರೆಯೋದು ಆ ಅಕ್ಕನೇ. ಸಂಬಳ ಶನಿವಾರ ಮಧ್ಯಾಹ್ನವೇ, ಕತ್ತಲಾಗೋ ತನಕ ಕಾಯಿಸೋದಿಲ್ಲ. ಆಮೇಲೆ ಮೂರು ಸೀಸನ್‌ನಲ್ಲಿ ಬಿಟ್ಟುಹೋದವರು ಇಬ್ಬರೇ, ಅವರೂ ಮದುವೆಯಾಗಿ ಹೋದವರು.

ನಡುವೆ ಕೆಲವು ಪ್ರಯೋಗ ಮಾಡಿದೆ. 2021ರ ನವೆಂಬರ್ ಮಳೆಗೆ ಚಪ್ಪರದ ಮೇಲಿದ್ದ ಅಡಿಕೆಗೆ ಬೂಷ್ಟು ಹಿಡಿದು ಆರೇಳು ಕ್ವಿಂಟಾಲ್ ದರ ಕಳೆದುಕೊಂಡಿತು. ಆಮೇಲೆ ಕಬ್ಬಿಣದ ಪೈಪು ಬಗ್ಗಿಸಿ ಪ್ಲಾಸ್ಟಿಕ್ ಹೊದಿಸಿ ಡ್ರೈಯರ್ ಮಾಡಿಸಿದೆ, ಒಂದು ಲಕ್ಷದ ಮೇಲೆ ಹತ್ತು ಸಾವಿರ ಆಯಿತು. ಗಾಳಿ ಹೋಗಲು ಮೇಲೆ ಕಿಂಡಿ ಬಿಡದೆ ಮೊದಲ ವಾರ ಒಳಗೆ ಬೆವರಿ ಇನ್ನಷ್ಟು ಕೆಟ್ಟಿತು. ಕಿಂಡಿ ಬಿಡಿ. ಚೊಗರನ್ನು ಬತ್ತಿಸಿ ಮಾರಲು ನೋಡಿದೆ, ಸೌದೆ ದುಡ್ಡೂ ಹುಟ್ಟಲಿಲ್ಲ, ಬಿಟ್ಟೆ. ಸಿಪ್ಪೆ ಮಾತ್ರ ಕೈ ಹಿಡಿಯಿತು. ರಸ್ತೆ ಬದಿಗೆ ಸುರಿದು ಊರವರ ಕೈಲಿ ಬೈಸಿಕೊಳ್ಳೋ ಬದಲು ಸಗಣಿ ನೀರು ಹಾಕಿ ಪದರ ಪದರವಾಗಿ ಕೊಳೆಸಿದೆ. ವರ್ಷ ಬೇಕಾಯಿತು. ಅಡಿಕೆ ಕೊಟ್ಟ ಮನೆಗೆ ಒಂದೊಂದು ಟ್ರೇಲರ್ ಗೊಬ್ಬರ ಪುಕ್ಕಟೆ ಇಳಿಸಿ ಬಂದೆ. ಮುಂಗಡಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಅದೇ ಇರಬಹುದು ಅಂತ ನನ್ನ ಮನೆಯವಳು ಹೇಳುತ್ತಾಳೆ.

ಹೋದ ಸೀಸನ್ನಿನಲ್ಲಿ ಹಸಿ ಸುಮಾರು 2,100 ಕ್ವಿಂಟಾಲ್ ಬಂತು. ಎಲ್ಲಾ ಕಳೆದು ನಾಲ್ಕು ಲಕ್ಷ ಚಿಲ್ಲರೆ ಉಳಿಯಿತು. ಎಳ್ಳಮಾವಾಸ್ಯೆ ಜಾತ್ರೆಗೆ ಮೊದಲೇ ಬಂಗಾರ ಬಿಡಿಸಿಕೊಂಡು ಬಂದೆ.

ಈ ವರ್ಷದ ಸ್ಯಾಂಪಲ್ ಚೀಲಗಳು ಈಗ ಡ್ರೈಯರ್‌ನಲ್ಲಿವೆ, 14 ಆಗಿದೆ. ಅದರಲ್ಲಿ ಒಂದು ಚೀಲ ಸಂತೆಯಲ್ಲಿ ಮುಖ ತಿರುಗಿಸುತ್ತಿದ್ದ ಚೇಣಿಯವರ ಮಾವನ ಮನೆ ತೋಟದ್ದು. ತಂದುಕೊಟ್ಟವರು ಅವರೇ. ನಾಡಿದ್ದು ತೂಗಲು ಹೋಗಬೇಕು.