ಸ್ಮಶಾನದ ಹುಲ್ಲು, ಚುಕ್ಕೆ ರಾಟವಾಳ ಮತ್ತು ನವೆಂಬರ್ 2: ಚರ್ಚ್ ಅಂಗಳದಲ್ಲಿ ನನ್ನ ಅನುಭವ

ಚರ್ಚ್ ಸ್ಮಶಾನದ ಹುಲ್ಲನ್ನು ಜೂನ್‌ನಿಂದ ಅಕ್ಟೋಬರ್ ನಡುವಿನವರೆಗೆ ಮುಟ್ಟಬಾರದು. ಆಮೇಲೆ ಒಂದೇ ಸಲ ಹೆರೆಯಬೇಕು, ಹೆರೆದದ್ದನ್ನು ಅಲ್ಲೇ ಬಿಡದೆ ಹೊರಗೆ ಸಾಗಿಸಬೇಕು. ನಮ್ಮ ಕ್ರಮ ಇಷ್ಟೇ. "ಪೊದೆ ಬೆಳೆದು ಹಾವಿನ ಮನೆಯಾಗುತ್ತದೆ", "ಹಿರಿಯರ ಸಮಾಧಿಗೆ ಅವಮಾನ" ಎಂದು ಪಾಲನಾ ಮಂಡಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೇಳಿದ್ದರು. ಈಗ ಅದೇ ಸ್ಮಶಾನದಲ್ಲಿ ಚುಕ್ಕೆ ರಾಟವಾಳಗಳು (ಹುಲ್ಲಿನ ಕಾಳು ತಿನ್ನುವ ಪುಟ್ಟ ಹಕ್ಕಿ) ಮಳೆಗಾಲವಿಡೀ ಗೂಡು ಕಟ್ಟುತ್ತವೆ, ಚರ್ಚ್ ಅಂಗಳದ ಹಕ್ಕಿ ಪಟ್ಟಿ ಎಂಬತ್ತರ ಹತ್ತಿರ ಬಂದಿದೆ. ದಕ್ಷಿಣ ಕನ್ನಡದ ಮುರಕಲ್ಲಿನ (ಜಂಬಿಟ್ಟಿಗೆ) ನೆಲದಲ್ಲಿ ಒಂದೂಕಾಲು ಎಕರೆಗೆ ಇದು ಸಣ್ಣ ಸಂಗತಿಯಲ್ಲ. ಅಕ್ಕಪಕ್ಕದ ಧರ್ಮಕೇಂದ್ರದವರು ಕೇಳಲು ಶುರು ಮಾಡಿದ್ದರಿಂದ ಬರೆಯುತ್ತಿದ್ದೇನೆ. ವೀಡ್ ಕಟರ್ ಹಿಡಿದು ಗೊತ್ತಿರುವವರಿಗೆ, ಹಕ್ಕಿ ಗುರುತಿಸಲು ಬರುವವರಿಗೆ ಮಾತ್ರ ಈ ಬರಹ.

ನಮ್ಮ ಕಡೆ ಹಳೆಯ ಪದ್ಧತಿ ಎಲ್ಲರಿಗೂ ಗೊತ್ತು. ಮಳೆ ಶುರುವಾಗುವ ಮೊದಲು ಒಂದು ಸಲ, ಮೊಂತಿ ಫೆಸ್ತಿಗೆ (ಸೆಪ್ಟೆಂಬರ್ 8ರ ಮರಿಯ ಮಾತೆಯ ಜನ್ಮದಿನದ ಹಬ್ಬ) ಮೊದಲು ಆಗಸ್ಟ್‌ನಲ್ಲಿ ಇನ್ನೊಂದು ಸಲ, ನವೆಂಬರ್ 2ರ ಮೃತರ ಸ್ಮರಣೆಗೆ ಮೊದಲು ಮತ್ತೊಂದು ಸಲ ಹೆರೆಸುವುದು. ನಡುವೆ ಎರಡು ಸಲ ಕಳೆನಾಶಕ. ಕೆಟ್ಟದ್ದೆಲ್ಲ ಆಗಸ್ಟ್‌ನ ಆ ಒಂದು ಹೆರೆತದಿಂದ. ರಾಟವಾಳಕ್ಕೆ ಅದು ಮರಿ ಮಾಡುವ ಕಾಲ. ಹುಲ್ಲು ತೆನೆ ಬಿಟ್ಟು ಕಾಳು ಕಟ್ಟುವ ಹೊತ್ತಿಗೇ ಬ್ಲೇಡ್ ಬಂದರೆ ಗೂಡು ಕಟ್ಟಲು ಹುಲ್ಲೂ ಇಲ್ಲ, ತಿನ್ನಲು ಕಾಳೂ ಇಲ್ಲ. ಅದಕ್ಕಿಂತ ಬೇಸರದ ವಿಷಯ, ಮಕ್ಕಳು ಒಂಬತ್ತು ದಿನ ಮೊಂತಿ ಮಾತೆಗೆ ಅರ್ಪಿಸುವ ಹೂಗಳೂ ಅದೇ ಹೆರೆತಕ್ಕೆ ಹೋಗುತ್ತಿದ್ದವು. ಕರ್ಣಕುಂಡಲ, ಗೌರಿ ಹೂ, ನೆಕ್ಕರಿಕದ ನೇರಳೆ ಹೂ ಎಲ್ಲ ಆಗ ತಾನೇ ಅರಳುವುದು. ಆಗಸ್ಟ್ ಕೊನೆಗೆ ಹೂವೆಲ್ಲ ಕತ್ತರಿಸಿ ಹಾಕಿ, ಮರುವಾರ ಮಾರುಕಟ್ಟೆಯಿಂದ ಸೇವಂತಿಗೆ ತರಿಸುವುದು ನಡೆದಿತ್ತು. ಮಂಡಳಿ ಒಪ್ಪಿದ್ದು ಹಕ್ಕಿಗಾಗಿ ಅಲ್ಲ, ಈ ಹೂವಿಗಾಗಿ. "ಮೊಂತಿಯ ಹೂ ಸ್ಮಶಾನದಲ್ಲೇ ಸಿಗುತ್ತದೆ, ಒಂದು ವರ್ಷ ಬಿಟ್ಟು ನೋಡಿ" ಎಂದದ್ದಕ್ಕೆ ಮೊದಲು ತಲೆಯಾಡಿಸಿದವರು ಅಜ್ಜಿಯಂದಿರು.

ಹೆರೆಯುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಎಲ್ಲರೂ ಎಡವುವುದು ಅಲ್ಲೇ.

ಪೂರ್ತಿ ಬಿಟ್ಟುಬಿಟ್ಟರೆ ಜನ ಸಹಿಸುವುದಿಲ್ಲ, ಸಹಿಸಬೇಕಾಗಿಯೂ ಇಲ್ಲ. ಶವಯಾತ್ರೆ ಹೋಗುವ ದಾರಿಯ ಎರಡೂ ಬದಿ ಒಂದೊಂದು ಮೀಟರ್, ಪ್ರತಿ ಸಮಾಧಿಯ ಸುತ್ತ ಒಂದೂವರೆ ಅಡಿ, ಇಷ್ಟನ್ನು ತಿಂಗಳಿಗೊಮ್ಮೆ ಗಿಡ್ಡ ಮಾಡಿಡಬೇಕು. ಅಂಚು ನೆಟ್ಟಗಿದ್ದರೆ ಒಳಗಿನ ಎತ್ತರದ ಹುಲ್ಲನ್ನು ಯಾರೂ ಆಕ್ಷೇಪಿಸುವುದಿಲ್ಲ. ಹಾವಿನ ಭಯಕ್ಕೂ ಇದೇ ಮದ್ದು: ಕಾಲಿಡುವ ಜಾಗ ಕಣ್ಣಿಗೆ ಕಾಣಬೇಕು, ಒಡೆದ ಹಂಚು ಮತ್ತು ಕಲ್ಲಿನ ರಾಶಿ ಸಮಾಧಿಗಳ ಹತ್ತಿರ ಇರಬಾರದು. ಸಮಾಧಿಯ ಸುತ್ತ ಯಂತ್ರ ಬೇಡ, ಕತ್ತಿಯೇ ಬೇಕು. ನೈಲಾನ್ ದಾರದ ಯಂತ್ರ ಸಣ್ಣ ಕಲ್ಲು ಹಾರಿಸಿ ಪಿಂಗಾಣಿ ಫೋಟೊಗಳನ್ನು ಒಡೆಯುತ್ತದೆ. ಒಂದು ಫೋಟೊ ಒಡೆದರೆ ಆ ಕುಟುಂಬದ ವಿರೋಧ ಹತ್ತು ವರ್ಷ ಉಳಿಯುತ್ತದೆ. ದಾರದ ಯಂತ್ರಕ್ಕೆ ಇನ್ನೊಂದು ದೋಷವಿದೆ. ಅದು ಹುಲ್ಲನ್ನು ಪುಡಿ ಮಾಡುತ್ತದೆ, ಪುಡಿಯನ್ನು ಗುಡಿಸಿ ಒಟ್ಟುಮಾಡಲಾಗುವುದಿಲ್ಲ. ಮೂರು ಹಲ್ಲಿನ ಬ್ಲೇಡ್ ಹಾಕಿ, ನೆಲದಿಂದ ನಾಲ್ಕು ಬೆರಳು ಮೇಲೆ ಹಿಡಿಯಿರಿ.

ಅಕ್ಟೋಬರ್ ಮೂರನೇ ವಾರ, ಎರಡು ದಿನ ಬಿಸಿಲು ಗ್ಯಾರಂಟಿ ಇರುವಾಗ ಹೆರೆಸಿ. ಮೊದಲು ಒಬ್ಬರು ಕೋಲು ಹಿಡಿದು ಸಾಲಾಗಿ ನಡೆದು ಗೂಡು ಹುಡುಕಬೇಕು. ರಾಟವಾಳದ ಗೂಡು ಹುಲ್ಲಿನ ದೊಡ್ಡ ಉಂಡೆ, ಬಾಯಿ ಪಕ್ಕಕ್ಕೆ, ಹೆಚ್ಚಾಗಿ ಪೊದೆಯ ಕವಲಿನಲ್ಲಿ ಎದೆಯೆತ್ತರಕ್ಕೆ. ಮೊಟ್ಟೆ ಅಥವಾ ಮರಿ ಇದ್ದರೆ ಕೆಂಪು ಬಟ್ಟೆ ಕಟ್ಟಿದ ಗೂಟ ನೆಟ್ಟು ಸುತ್ತ ಎರಡು ಮೀಟರ್ ಬಿಡಬೇಕು. ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ದಾರಿಯಲ್ಲಿ ಹಕ್ಕಿಗೂಡು ಕಂಡರೆ ತಾಯಿಹಕ್ಕಿಯನ್ನು ಹಿಡಿಯಬಾರದೆಂಬ ಆಜ್ಞೆ ಇದೆ. ಕೆಲಸದವರಿಗೆ ಅದನ್ನು ಓದಿ ಹೇಳಿದ ಮೇಲೆ ಕೆಂಪು ಬಟ್ಟೆಯ ಗೂಟವನ್ನು ಯಾರೂ ದಾಟಿಲ್ಲ. ಯಂತ್ರ ನಡುವಿನಿಂದ ಶುರುವಾಗಿ ಹೊರಗೆ ಸಾಗಬೇಕು. ಹೊರಗಿನಿಂದ ಒಳಕ್ಕೆ ಹೆರೆದರೆ ಕಪ್ಪೆ, ಮರಿ, ಓತಿಕ್ಯಾತ ಎಲ್ಲ ನಡುವೆ ಸಿಕ್ಕಿ ಸಾಯುತ್ತವೆ.

ಒಂದು ಬದಿಯ ಮೂರನೇ ಒಂದು ಭಾಗವನ್ನು ಜನವರಿ ಕೊನೆಯವರೆಗೆ ಹಾಗೇ ಬಿಡುತ್ತೇವೆ. ಮುಳಿಹುಲ್ಲಿನ ಕಾಳು ಉದುರುವುದೇ ತಡವಾಗಿ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಬಡವರಿಗೂ ಪರದೇಶಿಗೂ ಬಿಡು ಎಂದು ಯಾಜಕಕಾಂಡ 19ರಲ್ಲಿ ಇದೆಯಲ್ಲ, ಆ ಮಾತನ್ನು ನಾವು ರಾಟವಾಳಕ್ಕೂ ಅನ್ವಯಿಸಿಕೊಂಡಿದ್ದೇವೆ. ಬಿಡುವ ಭಾಗ ವರ್ಷ ವರ್ಷ ಬದಲಾಗಬೇಕು, ಇಲ್ಲದಿದ್ದರೆ ಅಲ್ಲಿ ಕಮ್ಯುನಿಸ್ಟ್ ಗಿಡ (ಬೇಗ ಹಬ್ಬುವ ಪರದೇಶದ ಕಳೆ) ಬೇರೂರುತ್ತದೆ. ಅದನ್ನು ಜೂನ್-ಜುಲೈನಲ್ಲಿ ಮಣ್ಣು ಮೆತ್ತಗಿರುವಾಗ ಬೇರುಸಹಿತ ಕೀಳಬೇಕು. ಕತ್ತರಿಸಿದರೆ ನಾಲ್ಕು ಪಟ್ಟು ಚಿಗುರುತ್ತದೆ.

ಹೆರೆದ ಹುಲ್ಲನ್ನು ಅಕ್ಟೋಬರ್ 30ರೊಳಗೆ ಸಾಗಿಸಲೇಬೇಕು. ನವೆಂಬರ್ 2ರ ಸಂಜೆ ನೂರಾರು ಮೇಣದಬತ್ತಿ ಉರಿಯುತ್ತವೆ, ಒಣಹುಲ್ಲು ಅಲ್ಲೇ ಬಿದ್ದಿದ್ದರೆ ಗತಿಯೇನು? ಒಂದು ಕಡೆ ಸ್ವಲ್ಪ ಹೊತ್ತಿ, ಕೊಡಪಾನ ನೀರಿನಲ್ಲಿ ಆರಿಸಿದ್ದೂ ಉಂಟು. ಈಗ ಸಮಾಧಿಗಳ ಮುಂದೆ ಮರಳು ತುಂಬಿದ ತಗಡಿನ ತಟ್ಟೆ ಇಡುತ್ತೇವೆ, ಉಳಿಸಿದ ಹುಲ್ಲಿಗೂ ಸಮಾಧಿಗಳಿಗೂ ನಡುವೆ ಮೂರು ಮೀಟರ್ ನೆಲ ಕೆರೆದಿಡುತ್ತೇವೆ. ಹುಲ್ಲು ಸಾಗಿಸಲು ಇನ್ನೊಂದು ಕಾರಣವೂ ಇದೆ. ಅದು ಕೊಳೆತರೆ ನೆಲ ಕೊಬ್ಬುತ್ತದೆ, ಕೊಬ್ಬಿದ ನೆಲದಲ್ಲಿ ದಪ್ಪ ಹುಲ್ಲು ಹೆಚ್ಚಿ ಕರ್ಣಕುಂಡಲ ಮಾಯವಾಗುತ್ತದೆ. ಬಡ ನೆಲದಲ್ಲೇ ಕಾಡುಹೂ ಹೆಚ್ಚು. ನಮ್ಮ ಹುಲ್ಲು ಒಂದು ದನದ ಹಟ್ಟಿಗೆ ಹೋಗುತ್ತದೆ, ಸಾಗಾಟ ಅವರದ್ದೇ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಹಳೆಯ ಪದ್ಧತಿಗೆ ವರ್ಷಕ್ಕೆ 28ರಿಂದ 30 ಸಾವಿರ ಹೋಗುತ್ತಿತ್ತು. ಈಗ ದೊಡ್ಡ ಹೆರೆತಕ್ಕೆ ಯಂತ್ರದವರಿಗೆ ದಿನಕ್ಕೆ ಸುಮಾರು 1,200ರಂತೆ ಮೂರು ದಿನ, ಪೆಟ್ರೋಲ್ ಬೇರೆ. ಗುಡಿಸಿ ಒಟ್ಟುಮಾಡಲು ನಾಲ್ಕು ಆಳು ಎರಡು ದಿನ. ಎಲ್ಲ ಸೇರಿ ಎಂಟೊಂಬತ್ತು ಸಾವಿರ. ದಾರಿಯ ಅಂಚು ಸವರಲು ವರ್ಷಕ್ಕೆ ಇನ್ನೊಂದು ಐದು ಸಾವಿರ. ಕಳೆನಾಶಕದ ಖರ್ಚು ಸೊನ್ನೆ. ಅರ್ಧಕ್ಕರ್ಧ ಉಳಿದಿದೆ. ಈ ಲೆಕ್ಕ ಮಂಡಿಸಿದ ಸಭೆಯಲ್ಲಿ ಹಾವಿನ ಮಾತು ಯಾರೂ ಎತ್ತಲಿಲ್ಲ.

ಗುರುಗಳನ್ನು ಒಪ್ಪಿಸಲು ಹೆಚ್ಚು ಕಷ್ಟವಾಗಲಿಲ್ಲ. ಸಂತ ಫ್ರಾನ್ಸಿಸ್ ಅಸಿಸಿ ತಮ್ಮ ಮಠದ ತೋಟದಲ್ಲಿ ಒಂದು ಭಾಗವನ್ನು ಏನೂ ನೆಡದೆ ಬಿಡಲು ಹೇಳಿದ್ದರು, ಅಲ್ಲಿ ಕಾಡುಹೂಗಳು ತಾವಾಗಿ ಬೆಳೆಯಲಿ, ನೋಡಿದವರ ಮನಸ್ಸು ಸೃಷ್ಟಿಕರ್ತನ ಕಡೆ ತಿರುಗಲಿ ಎಂದು. ಪೋಪ್ ಫ್ರಾನ್ಸಿಸ್ 2015ರ ತಮ್ಮ ವಿಶ್ವಪತ್ರದಲ್ಲಿ ಇದನ್ನು ನೆನೆದಿದ್ದಾರೆ. ಇದೇನು ಹೊಸ ಫ್ಯಾಶನ್ ಎನ್ನುವವರಿಗೆ ನಮ್ಮ ನಾಡಿನ ಉದಾಹರಣೆಯೇ ಇದೆ: ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಜೆಸ್ವಿಟ್ ಗುರು ಸೆಸಿಲ್ ಸಲ್ಡಾನ್ಹಾ ಹಾಸನ ಜಿಲ್ಲೆಯ ಗಿಡಮರಗಳನ್ನು ಒಂದೊಂದಾಗಿ ದಾಖಲಿಸಿದವರು. ಕಾಡುಗಿಡವನ್ನು ಹೆಸರು ಹಿಡಿದು ಗುರುತಿಸುವುದನ್ನು ನಾನು ಪ್ರಾರ್ಥನೆ ಎಂದೇ ತಿಳಿದಿದ್ದೇನೆ. ದೇವರು ಒಳ್ಳೆಯದೆಂದು ಕಂಡದ್ದನ್ನು ಕಳೆ ಎಂದು ಕರೆಯುವ ಮೊದಲು ಅದರ ಹೆಸರಾದರೂ ಗೊತ್ತಿರಬೇಕು.

ಗಿಡ ನೆಟ್ಟದ್ದರಲ್ಲಿ ಸೋಲೇ ಹೆಚ್ಚು. ದೊಡ್ಡ ಚೀಲದ ನರ್ಸರಿ ಸಸಿಗಳು ಮುರಕಲ್ಲಿನಲ್ಲಿ ಮಾರ್ಚ್‌ಗೆ ಮುಕ್ಕಾಲು ಪಾಲು ಒಣಗಿದವು. ಬೇರು ಚೀಲದೊಳಗೇ ಸುತ್ತಿಕೊಂಡಿರುತ್ತದೆ, ಕಲ್ಲು ಸೀಳಿ ಕೆಳಗಿಳಿಯುವುದಿಲ್ಲ. ಎರಡಡಿ ಗುಂಡಿಗೆ ತಲಾ 200 ರೂಪಾಯಿ ಕೊಟ್ಟದ್ದೂ ಹೋಯಿತು. ಗೆದ್ದದ್ದು ಬೀಜ. ಕುಂಟಾಲದ ಬೀಜವನ್ನು ಹಣ್ಣಾದ ವಾರದೊಳಗೆ ಬಿತ್ತಬೇಕು, ಒಣಗಿಸಿಟ್ಟರೆ ಒಂದೂ ಮೊಳೆಯುವುದಿಲ್ಲ. ಕರಂಡೆಯೂ ಬೀಜದಿಂದ ಬಂತು, ಬೇಲಿಯೂ ಆಯಿತು. ಕೇಪಳವನ್ನು ಜುಲೈನಲ್ಲಿ ಗೇಣುದ್ದದ ಕಡ್ಡಿಯಿಂದ ಮಾಡಿದೆವು, ಹತ್ತರಲ್ಲಿ ನಾಲ್ಕೈದು ಚಿಗುರಿದವು. ನೆಕ್ಕರಿಕದ ಬೀಜ ಧೂಳಿನಷ್ಟು ಸಣ್ಣದು, ಬಿತ್ತಿದರೆ ಕೈಗೆ ಬರುವುದಿಲ್ಲ. ರಸ್ತೆ ಕಡಿದ ದರೆಯಿಂದ ಎಳೆಸಸಿ ಮಣ್ಣುಸಮೇತ ತಂದರೆ ಉಳಿಯುತ್ತದೆ. ಕುಂಟಾಲ, ನೆಕ್ಕರಿಕ ಹಣ್ಣು ಬಿಟ್ಟ ಮೇಲೆ ಕೆಮ್ಮೀಸೆ ಪಿಕಳಾರ, ಬದನಿಕೆ ಹಕ್ಕಿ, ಕುಟ್ರುಹಕ್ಕಿ ಕರೆಯದೇ ಬಂದವು.

ಬಂದ ಹಕ್ಕಿಗಳು ಹಿಕ್ಕೆಯ ಜೊತೆ ಗೋಳಿಯ (ಆಲದ ಮರದ) ಬೀಜವನ್ನೂ ತಂದವು ಎಂಬುದನ್ನು ಮರೆಯಬೇಡಿ. ಸಮಾಧಿಯ ಬಿರುಕಿನಲ್ಲಿ ಗೋಳಿ ಮೊಳೆತರೆ ಎರಡು ವರ್ಷದಲ್ಲಿ ಕಲ್ಲು ಸೀಳುತ್ತದೆ. ಜುಲೈನಲ್ಲಿ ಎಲ್ಲ ಸಮಾಧಿ, ಹಂಚಿನ ಸಂದು, ಗಂಟೆಗೋಪುರ ನೋಡಿ, ಬೆರಳುದ್ದ ಇರುವಾಗಲೇ ಕಿತ್ತು ಚೀಲಕ್ಕೆ ಹಾಕಿದರೆ ಪುಕ್ಕಟೆ ಸಸಿ ಸಿಕ್ಕಂತೆ.

ಎಲೆ ಗುಡಿಸುವ ವಿಷಯಕ್ಕೆ ಹೆಚ್ಚು ಜಗಳವಾಯಿತು. ಹಿಂಬದಿಯ ಮರಗಳ ಕೆಳಗೆ ನಾಲ್ಕಿಂಚು ತರಗೆಲೆ ಹಾಗೇ ಬಿಟ್ಟದ್ದರಿಂದ ಅಕ್ಟೋಬರ್ ನಂತರ ನವರಂಗ ಎಂಬ ವಲಸೆ ಹಕ್ಕಿ ಬಂದು ಎಲೆ ಮಗುಚಿ ಹುಳ ಹೆಕ್ಕುತ್ತದೆ, ನೆಲಸಿಳ್ಳಾರವೂ ಕಾಣಿಸುತ್ತದೆ. ಗುಡಿಸಿ ಸುಟ್ಟ ನೆಲಕ್ಕೆ ಎರಡೂ ಇಳಿಯುವುದಿಲ್ಲ. ವಲಸೆ ಹಕ್ಕಿಗೆ ತನ್ನ ಕಾಲ ಗೊತ್ತು, ನನ್ನ ಜನರಿಗೆ ಮಾತ್ರ ನನ್ನ ನ್ಯಾಯವಿಧಿ ಗೊತ್ತಿಲ್ಲ ಎಂದು ಯೆರೆಮೀಯ 8:7ರಲ್ಲಿ ದೇವರು ಹೇಳುವುದನ್ನು ನವರಂಗ ಬರುವ ವಾರ ಕ್ರೈಸ್ತ ಶಿಕ್ಷಣ ತರಗತಿಯಲ್ಲಿ ಓದಿಸುತ್ತೇವೆ. ಸೊಳ್ಳೆ, ಡೆಂಗ್ಯೂ ಎಂದು ಆಕ್ಷೇಪ ಬಂದಾಗ ಹುಡುಕಿ ನೋಡಿದರೆ ಲಾರ್ವಾ ಸಿಕ್ಕಿದ್ದು ಎಲೆಯಲ್ಲಿ ಅಲ್ಲ, ಸಮಾಧಿಗಳ ಮೇಲಿನ ಹೂದಾನಿ ಮತ್ತು ಮೇಣದಬತ್ತಿಯ ಗಾಜಿನಲ್ಲಿ. ಹೂದಾನಿಗೆಲ್ಲ ಮರಳು ತುಂಬಿಸಿದೆವು. ನವರಂಗ ಯಾವ ಮರದ ಬುಡಕ್ಕೆ ಬರುತ್ತದೆ ಎಂದು ಬರೆಯುವುದಿಲ್ಲ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವ ಫೋಟೊಗ್ರಾಫರುಗಳಿಂದ ಅದಕ್ಕೆ ಹೊಟ್ಟೆಪಾಡೇ ಕಷ್ಟವಾಗುತ್ತದೆ.

ನಡುವೆ ಮಾಡಿನೋಡಿದ ಬೇರೆ ಪ್ರಯೋಗಗಳೂ ಇವೆ. ಅಕ್ಕಿ ಹಾಕಿದರೆ ಬರುವುದು ಪಾರಿವಾಳ ಮತ್ತು ಕಾಗೆ, ನಿಲ್ಲಿಸಿ. ನೀರು ಮಾತ್ರ ಗೆದ್ದಿತು, ಅದೂ ತೊಟ್ಟಿಕ್ಕುವ ನೀರು. 20 ಲೀಟರಿನ ಕ್ಯಾನಿಗೆ ಹೊಸ ಸಲೈನ್ ಟ್ಯೂಬ್ ಸಿಕ್ಕಿಸಿ ಸೆಕೆಂಡಿಗೊಂದು ಹನಿ ಇಟ್ಟರೆ ದಿನಕ್ಕೆ ನಾಲ್ಕು ಲೀಟರಿನಷ್ಟು ಖರ್ಚು, ಕ್ಯಾನ್ ನಾಲ್ಕೈದು ದಿನ ಬರುತ್ತದೆ. ಮಣ್ಣಿನ ತಟ್ಟೆಯ ಆಳ ಎರಡಿಂಚು ಮೀರಬಾರದು, ಎರಡು ದಿನಕ್ಕೊಮ್ಮೆ ತಿಕ್ಕಿ ತೊಳೆಯಬೇಕು. ಹನಿಯ ಸದ್ದಿಗೇ ಹಕ್ಕಿ ಬರುವುದು. ನಿಂತ ನೀರಿಗೆ ಬಾರದ ಟುವ್ವಿ, ಬಾಲದಂಡೆ ಇದಕ್ಕೆ ಬಂದಿವೆ. ತಟ್ಟೆಯ ತಳಕ್ಕೆ ನಾವು ಹಾಕುವುದೊಂದಿದೆ, ಅದನ್ನು ನಮ್ಮಲ್ಲಿಗೆ ಬಂದು ನೋಡಿದವರಿಗೆ ಹೇಳುತ್ತೇನೆ.

ಗೂಡುಪೆಟ್ಟಿಗೆಗಳಲ್ಲಿ ಪ್ಲೈವುಡ್‌ನವು ಒಂದೇ ಮಳೆಗೆ ಬಿರಿದವು, ತಗಡಿನ ಮಾಡಿನವು ಏಪ್ರಿಲ್‌ನಲ್ಲಿ ಕಾದು ಖಾಲಿ ಉಳಿದವು, ಮರಕ್ಕೆ ಎಲೆ ತಾಗುವಂತೆ ಕಟ್ಟಿದವು ಚಗಳಿ ಇರುವೆಯ ಪಾಲಾದವು. ಹಳೆಯ ಹಲಸಿನ ಹಲಗೆ, ತಳ ಆರಿಂಚು ಚದರ, ಎತ್ತರ ಒಂದಡಿ, ತೂತು ಎರಡಿಂಚು: ಇದಕ್ಕೆ ಮಡಿವಾಳ ಹಕ್ಕಿ ಒಪ್ಪಿತು. ಗೋಡೆಗೆ, ಹತ್ತಡಿ ಎತ್ತರಕ್ಕೆ, ಬಾಯಿ ಪೂರ್ವಕ್ಕೆ.

ಮುಖಮಂಟಪದ ಬಾನಾಡಿ (ಸ್ವಿಫ್ಟ್) ಹಕ್ಕಿಯ ಗೂಡುಗಳನ್ನು ವಾರ್ಷಿಕ ಹಬ್ಬದ ಪೇಂಟಿಂಗಿಗೆ ಪ್ರತಿ ವರ್ಷ ಕೆರೆದು ಹಾಕುತ್ತಿದ್ದರು. ಅಲ್ಲಿ 84ನೇ ಕೀರ್ತನೆಯೇ ಸಾಕಾಯಿತು, ನಿನ್ನ ಬಲಿಪೀಠದ ಬಳಿ ಹಕ್ಕಿಗೂ ಮರಿಯಿಡಲು ಗೂಡು ಸಿಕ್ಕಿದೆ ಎಂಬ ಮಾತು. ಹಿಕ್ಕೆ ಬೀಳುವ ಸಮಸ್ಯೆಗೆ ಗೂಡಿನಿಂದ ಒಂದೂವರೆ ಅಡಿ ಕೆಳಗೆ ಎಂಟಿಂಚು ಅಗಲದ ಹಲಗೆ ಹೊಡೆದೆವು. ಇನ್ನೂ ಹತ್ತಿರ ಹೊಡೆದರೆ ಬಾನಾಡಿ ಒಳಗೆ ನುಗ್ಗಲಾಗದೆ ಗೂಡು ಬಿಡುತ್ತದೆ. ಪೇಂಟಿಂಗ್ ದಿನ ಕೋಲಿಗೆ ಕಟ್ಟಿದ ಕನ್ನಡಿಯಿಂದ ಒಳಗೆ ನೋಡಿ, ಮೊಟ್ಟೆ-ಮರಿ ಇದ್ದ ಕಡೆ ಕುಂಚ ಒಯ್ಯುವುದಿಲ್ಲ.

ಭಾನುವಾರ ಮೊದಲ ಪೂಜೆಯ ನಂತರ ಮಕ್ಕಳ ಜೊತೆ ಅರ್ಧ ಗಂಟೆ ಎಣಿಕೆ. ಮತ್ತಾಯ 6:26 ಓದಿ, ಐದು ನಿಮಿಷ ಮೌನ, ಆಮೇಲೆ 15 ನಿಮಿಷದ ಪಟ್ಟಿ. ಪಟ್ಟಿ ಇಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣಕ್ಕೆ ಹೋಗುತ್ತದೆ, ಫೆಬ್ರವರಿಯ ನಾಲ್ಕು ದಿನದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೂ ಸೇರುತ್ತದೆ. ಉಳಿದ ದುಡ್ಡಿನಲ್ಲಿ 8×42ರ (ಎಂಟು ಪಟ್ಟು ದೊಡ್ಡದಾಗಿ ತೋರಿಸುವ) ಎರಡು ಬೈನಾಕ್ಯುಲರ್ ತೆಗೆದುಕೊಂಡೆವು, ಒಂದಕ್ಕೆ ಎಂಟು ಸಾವಿರದ ಆಸುಪಾಸು. ಅಗ್ಗದ 10×50 ಮಕ್ಕಳ ಕೈಯಲ್ಲಿ ನಡುಗಿ ಏನೂ ಕಾಣುವುದಿಲ್ಲ. ಮುಂದಿನ ಜೂನ್‌ಗೆ ಗಂಟೆಗೋಪುರದಲ್ಲಿ ಕಣಜ ಗೂಬೆಗೆ ಪೆಟ್ಟಿಗೆ ಇಡುವುದಿದೆ. ಹಲಗೆ ಕೊಯ್ಯಿಸಿಟ್ಟಾಗಿದೆ, ಗುರಿಕಾರರಲ್ಲಿ (ವಾರ್ಡಿನ ಮುಖಂಡರಲ್ಲಿ) ಇಬ್ಬರು ಮಾತ್ರ ಇನ್ನೂ ಒಪ್ಪಬೇಕು.