ಮಳೆ ಲೆಕ್ಕದ ಪುಸ್ತಕದಲ್ಲಿ ಬ್ಲೂಸ್

ನಾನು ಗಿಟಾರ್ ಕಲಿಕೆಯ ಲೆಕ್ಕ ಬರೆಯುತ್ತಿದ್ದೇನೆ. ಬರೆದಿಡುವ ಚಟ ನಮ್ಮ ಮನೆಗೆ ಹೊಸತಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಟಾರು ರಸ್ತೆ ಬಿಟ್ಟು ಕೆಳಗಿಳಿದರೆ ನಮ್ಮ ತೋಟ. ಅಂಗಳದಾಚೆ, ಮರದ ಮರೆಯೂ ಮಾಡಿನ ಹನಿಯೂ ತಾಗದ ಕಡೆ ಅಪ್ಪಯ್ಯ ಒಂದು ಮಳೆ ಮಾಪಕ ನೆಟ್ಟಿದ್ದಾರೆ. ದಿನಾ ಬೆಳಿಗ್ಗೆ 8.30ಕ್ಕೆ ಕೊಡೆ ಹಿಡಿದು ಹೋಗಿ, ಅಳತೆ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಉದ್ದ ಪುಸ್ತಕದಲ್ಲಿ ಮಿಲಿಮೀಟರ್ ಬರೆಯುತ್ತಾರೆ. ಮಳೆ ಬಾರದ ದಿನ ಸೊನ್ನೆ ಬರೆಯುತ್ತಾರೆ. ಜಾಗ ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ ನಾನು ನೋಡಲಿಲ್ಲವೋ ಯಾರಿಗೆ ಗೊತ್ತಾಗತ್ತೆ ಅನ್ನುವುದು ಅವರ ವಾದ.

ಅಣ್ಣನ ಮಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗುವಾಗ ಗಿಟಾರ್ ಇಲ್ಲೇ ಬಿಟ್ಟುಹೋದ. ನನಗೆ ಆಗ ನಲವತ್ತಾರು. ಮೃಗಶಿರ ಮಳೆ ಹಿಡಿದ ವಾರ, ತೋಟಕ್ಕೆ ಇಳಿಯಲಾಗದೆ ಕೂತಿದ್ದಾಗ ಅದನ್ನು ಎತ್ತಿಕೊಂಡೆ. ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ಯಾಕೆ ಅಂದರೆ, ಮೂರೇ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಸಾಕು ಅಂತ ಯಾರೋ ಹೇಳಿದ್ದರು. ಎ7, ಡಿ7, ಇ7. ಸುಳ್ಳಲ್ಲ. ಆದರೆ ಮೂರು ಕಲ್ಲಿಟ್ಟರೆ ಒಲೆ ಅನ್ನುವಷ್ಟೇ ನಿಜ ಅದು. ಅಡುಗೆ ಬೇರೆ.

ಮೊದಮೊದಲು ನಾನು ಬರೆದದ್ದು ನಿಮಿಷದ ಲೆಕ್ಕ. ಸೋಮವಾರ 30, ಮಂಗಳವಾರ 45, ಹೀಗೆ. ವಾರದ ಕೊನೆಗೆ ಒಟ್ಟು ಹಾಕಿ ಬೀಗುತ್ತಿದ್ದೆ. ಈಗ ಆ ಪುಟ ನೋಡಿದರೆ ನಗು ಬರುತ್ತದೆ. ಕೂಲಿಯವರು ಎಷ್ಟು ಹೊತ್ತು ತೋಟದಲ್ಲಿದ್ದರು ಅನ್ನುವುದು ಮಾತ್ರ ಬರೆದು, ಎಷ್ಟು ಅಡಿಕೆ ಸುಲಿದರು ಅನ್ನುವುದನ್ನು ಬರೆಯದೆ ಬಿಟ್ಟ ಹಾಗಾಗಿತ್ತು. ಅದರ ಜೊತೆಗೆ ಬಡಿತ ಕೊಡುವ ಮೆಟ್ರೋನೋಮಿನ ವೇಗವನ್ನೂ ಬರೆಯುತ್ತಿದ್ದೆ. ಶಫಲ್ ಅನ್ನುವ ಆ ಕುಂಟು ನಡೆಯನ್ನು (ಐದನೇ ತಂತಿ ಖಾಲಿ, ಜೊತೆಗೆ ನಾಲ್ಕನೇ ತಂತಿಯಲ್ಲಿ 2ನೇ ಫ್ರೆಟ್, ಅಂದರೆ ಕತ್ತಿನ ಮೇಲಿನ ಅಡ್ಡಪಟ್ಟಿ, ಒಮ್ಮೆ, 4ನೇ ಫ್ರೆಟ್ ಒಮ್ಮೆ) ನಿಮಿಷಕ್ಕೆ 60 ಬಡಿತದಿಂದ ಶುರುಮಾಡಿ ವಾರಕ್ಕೆ ನಾಲ್ಕರಂತೆ ಏರಿಸಿದೆ. ಏಳನೇ ವಾರಕ್ಕೆ 84. ಅಂಕಿ ಏರುತ್ತಿದ್ದರೆ ಮನಸ್ಸಿಗೂ ಹಿತ ನೋಡಿ.

ಎಂಟನೇ ವಾರ ಆಶ್ಲೇಷ ಮಳೆ ಹೊಡೆಯುತ್ತಿದ್ದಾಗ, ಒಳಗಿನ ಕೋಣೆಯಲ್ಲಿ ಕೂತು ಮೊದಲ ಸಲ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಮೆಟ್ರೋನೋಮ್ ಇಲ್ಲದೆ ನುಡಿಸಿದ್ದು. ಯಾರೋ ಗಡಿಬಿಡಿಯಲ್ಲಿ ಬಸ್ಸು ಹಿಡಿಯಲು ಓಡುವ ಹಾಗಿತ್ತು. ಅವತ್ತಿನಿಂದ ನಿಮಿಷದ ಲೆಕ್ಕ, ವೇಗದ ಲೆಕ್ಕ ಎರಡನ್ನೂ ನಿಲ್ಲಿಸಿದೆ.

ಈಗ ಮಾಡುವುದು ಇಷ್ಟು. ಭಾನುವಾರ ಬೆಳಿಗ್ಗೆ ಕಾಫಿ ಆದಮೇಲೆ ಒಂದೇ ಒಂದು ರೆಕಾರ್ಡಿಂಗ್. ತಪ್ಪಿದರೂ ಮತ್ತೆ ಮಾಡುವಂತಿಲ್ಲ. ಫೋನ್ ಯಾವಾಗಲೂ ಅದೇ ಕಪಾಟಿನ ಮೇಲೆ, ನಾನು ಅದೇ ಮಣೆಯ ಮೇಲೆ, ನಡುವೆ ಮೂರು ಅಡಿ. ಮಾಪಕವನ್ನು ಒಂದು ದಿನ ಅಂಗಳದಲ್ಲಿ, ಮರುದಿನ ಹಲಸಿನ ಮರದ ಬುಡದಲ್ಲಿ ಇಟ್ಟರೆ ಲೆಕ್ಕಕ್ಕೆ ಬೆಲೆ ಇದೆಯೇ? ಹನ್ನೆರಡು ಬಾರ್‌ನ ಸುತ್ತು ಮೂರು (ನಾಲ್ಕು ಬಡಿತದ ಒಂದು ತುಂಡಿಗೆ ಬಾರ್ ಅನ್ನುತ್ತಾರೆ). ಮೆಟ್ರೋನೋಮನ್ನು 72ಕ್ಕೆ ಇಟ್ಟು ನಾಲ್ಕು ಬಡಿತ ಕೇಳಿಸಿಕೊಂಡು, ಆರಿಸಿ, ನುಡಿಸುವುದು. ಮೊದಲ ಎರಡು ಸುತ್ತು ಶಫಲ್, ಮೂರನೆಯದರಲ್ಲಿ ಲೀಡ್, ಅಂದರೆ ಒಂದೊಂದೇ ಸ್ವರ ಮೀಟಿ ನುಡಿಸುವುದು.

72 ಯಾಕೆ ಅಂದರೆ ಲೆಕ್ಕ ಸುಲಭ. ಬಾರ್‌ಗೆ ನಾಲ್ಕು ಬಡಿತ, ಸುತ್ತಿಗೆ 48, ಮೂರು ಸುತ್ತಿಗೆ 144. ನಿಮಿಷಕ್ಕೆ 72ರಂತೆ ನಡೆದರೆ ಸರಿಯಾಗಿ 2 ನಿಮಿಷ, ಅಂದರೆ 120 ಸೆಕೆಂಡು. ಸುತ್ತಿಗೆ 40. ರೆಕಾರ್ಡಿಂಗಿನಲ್ಲಿ ಮೊದಲ ಬಡಿತದಿಂದ ಕೊನೆಯದು ಮುಗಿಯುವವರೆಗೆ ಎಷ್ಟಾಯಿತು ನೋಡಿದರೆ ಲಯದ ಹಣೆಬರಹ ತಿಳಿಯುತ್ತದೆ. ಎಂಟನೇ ವಾರದ ನನ್ನ ಅಂಕಿ: 39, 37, 33. ಒಟ್ಟು 109. ಲೀಡ್ ಬಂದ ಕೂಡಲೇ ಏಳು ಸೆಕೆಂಡು ನುಂಗಿ ಹಾಕಿದ್ದೆ. 84ರಲ್ಲಿ ನುಡಿಸಬಲ್ಲೆ ಅಂತ ಬೀಗಿದವನಿಗೆ 72ರಲ್ಲಿ ನಿಲ್ಲಲು ಬರುತ್ತಿರಲಿಲ್ಲ.

ಈ ಅಂಕಿಯನ್ನೂ ಪೂರ್ತಿ ನಂಬಬೇಡಿ. ಹದಿನೈದನೇ ವಾರ ನನಗೆ ಸರಿಯಾಗಿ 120 ಬಂತು. ಖುಷಿಯಲ್ಲಿ ಅತ್ತಿಗೆಗೆ ಕೇಳಿಸಿದೆ. ಅವರು ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವರು. ತೊಡೆ ಮೇಲೆ ಆದಿತಾಳ ಹಾಕುತ್ತಾ ಕೇಳಿ, "ಎಂತ ಮಾರಾಯ, ಮೊದಲರ್ಧ ಓಡಿ, ಆಮೇಲೆ ಕಟ್ಟೆ ಮೇಲೆ ಕೂತು ಕಾದಿದೀಯಲ್ಲ!" ಅಂದರು. ನಿಜ. ಓಡಿದ್ದನ್ನು ಎಳೆದು ಸರಿಮಾಡಿದ್ದೆ. ಅವತ್ತು ಪ್ರತಿ ನಾಲ್ಕು ಬಾರ್‌ಗೆ ಎಷ್ಟು ಸೆಕೆಂಡು ಅಂತ ನೋಡುವ ಅಭ್ಯಾಸ ಶುರುವಾಯಿತು.

ಆದಿತಾಳದ ವಿಷಯ ಬಂತಲ್ಲ, ಹನ್ನೆರಡು ಬಾರ್ ನನ್ನ ತಲೆಗೆ ಹತ್ತಿದ್ದು ಅತ್ತಿಗೆಯ ತಾಳದಿಂದಲೇ. 48 ಬಡಿತ ಅಂದರೆ ಎಂಟರಂತೆ ಆರು ಆವರ್ತ. ಮೊದಲೆರಡು ಆವರ್ತ ಎ7 ಮನೆಯಲ್ಲೇ. ಮೂರನೆಯದು ಶುರುವಾದಾಗ ಡಿ7ಗೆ ಹೋಗಿ, ನಾಲ್ಕನೆಯದಕ್ಕೆ ಮನೆಗೆ ವಾಪಸ್. ಐದನೆಯದರಲ್ಲಿ ಇ7, ಡಿ7. ಆರನೆಯದರಲ್ಲಿ ಮತ್ತೆ ಮನೆ, ಕೊನೆಗೆ ಇನ್ನೊಂದು ಸುತ್ತಿಗೆ ಕರೆಯುವ ಇ7. ಹಾಡಿನ ಸಾಲುಗಳೂ ಸಾಮಾನ್ಯವಾಗಿ ಹೀಗೇ ಕೂರುತ್ತವೆ: ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಅದಕ್ಕೊಂದು ಉತ್ತರ. ಒಂದೊಂದಕ್ಕೂ ಎರಡೆರಡು ಆವರ್ತ. ಬಾರ್ ಎಣಿಸುತ್ತಿದ್ದಾಗ ಏಳಕ್ಕೋ ಎಂಟಕ್ಕೋ ದಾರಿ ತಪ್ಪುತ್ತಿದ್ದವನು, ಆವರ್ತ ಎಣಿಸಲು ಶುರುಮಾಡಿದ ಮೇಲೆ ಒಮ್ಮೆಯೂ ತಪ್ಪಿಲ್ಲ. ಶಫಲ್ ಎಂದರೂ ಅತ್ತಿಗೆಗೆ ವಿಶೇಷ ಅನಿಸಲಿಲ್ಲ. ಬಡಿತಕ್ಕೆ ಮೂರು ಪಾಲು ಮಾಡಿ ನಡುವಿನದನ್ನು ನುಂಗಿದರೆ ಆಯಿತು, ತಿಶ್ರ ನಡೆ ಅಲ್ಲವಾ ಅಂದರು.

ಎರಡನೇ ಅಳತೆ ಬೆಂಡ್. ತಂತಿಯನ್ನು ಅಡ್ಡಕ್ಕೆ ತಳ್ಳಿ ಸ್ವರ ಏರಿಸುವುದು. ಮೂರನೇ ತಂತಿಯ 7ನೇ ಫ್ರೆಟ್‌ನಲ್ಲಿ ಡಿ ಇದೆ, ಅದನ್ನು ತಳ್ಳಿ ಇ ಮಾಡಬೇಕು. ಸರಿಯಾಯಿತೇ ಅಂತ ನೋಡಲು ಎರಡನೇ ತಂತಿಯ 5ನೇ ಫ್ರೆಟ್ ಮೀಟಿದರೆ ಅಲ್ಲಿ ಅದೇ ಇ ಇರುತ್ತದೆ. ಹತ್ತು ಸಲ ತಳ್ಳುವುದು, ಎಷ್ಟು ಸಲ ಮುಟ್ಟಿತು ಬರೆಯುವುದು. ಮೊದಲ ವಾರ ಹತ್ತಕ್ಕೆ ಸೊನ್ನೆ. ಎರಡನೇ ವಾರವೂ ಸೊನ್ನೆ. ಬೆರಳ ತುದಿ ಸುಲಿದು ಬಂತು.

ಮೂರನೇ ಸೊನ್ನೆಯ ಹೊತ್ತಿಗೆ ತಪ್ಪು ಬೆರಳಿನದಲ್ಲ, ತಂತಿಯದು ಅಂತ ಅನುಮಾನ ಬಂತು. ಹುಡುಗ ಹಾಕಿದ್ದದ್ದು 12ರ ಸೆಟ್, ಅಂದರೆ ಅತಿ ತೆಳು ತಂತಿಯೇ ಇಂಚಿನ ಸಾವಿರದಲ್ಲಿ 12 ಪಾಲು ದಪ್ಪ. ಅಕೌಸ್ಟಿಕ್ ಸೆಟ್ಟುಗಳಲ್ಲಿ ಮೂರನೇ ತಂತಿಗೆ ಮೇಲೊಂದು ಸುತ್ತು ಲೋಹ ಸುತ್ತಿರುತ್ತಾರೆ. ಅದನ್ನು ಒಂದು ಪೂರ್ತಿ ಸ್ವರ ಏರಿಸುವುದು ಹೊಸಬರ ಕೈಗೆ ಆಗುವ ಕೆಲಸವಲ್ಲ. ಬ್ಲೂಸ್ ನುಡಿಸುವವರು ಹೆಚ್ಚಾಗಿ ಹಿಡಿಯುವುದು ಎಲೆಕ್ಟ್ರಿಕ್ ಗಿಟಾರ್, ಅದರ ಮೂರನೇ ತಂತಿ ಸಾದಾ ಉಕ್ಕು. 60 ಕಿಲೋಮೀಟರಿಗೂ ಹೆಚ್ಚು ದೂರದ ಶಿವಮೊಗ್ಗಕ್ಕೆ ಮಂಡಿಗೆ ಹೋದವನು, ಅಲ್ಲಿಂದ 10ರ ಅಕೌಸ್ಟಿಕ್ ಸೆಟ್ ಒಂದು, 10ರ ಎಲೆಕ್ಟ್ರಿಕ್ ಸೆಟ್ ಒಂದು ತಂದು, ಎರಡನೆಯದರಿಂದ 17ರ ಸಾದಾ ತಂತಿ ಮಾತ್ರ ತೆಗೆದು ಮೂರನೆಯದರ ಜಾಗಕ್ಕೆ ಏರಿಸಿದೆ. ಅಂಗಡಿಯವರಿಗೆ ನಗು. ಮೇಲಿನ ಫ್ರೆಟ್‌ಗಳಿಗೆ ಹೋದಂತೆ ಆ ತಂತಿ ಸ್ವಲ್ಪ ಏರುಶ್ರುತಿಯಲ್ಲಿ ನುಡಿಯುತ್ತದೆ, ಗಿಟಾರಿನ ಸೇತುವೆ (ತಂತಿ ಕೂರುವ ಪಟ್ಟಿ) ಸುತ್ತುತಂತಿಗೆ ಅಂತ ಮಾಡಿದ್ದು. ಸಹಿಸಿಕೊಂಡಿದ್ದೇನೆ. ಆ ವಾರ ಹತ್ತಕ್ಕೆ ಮೂರು.

ಅಂಕಿ ಬರೆದಿಟ್ಟದ್ದರಿಂದಲೇ ಇದು ತಿಳಿದದ್ದು. ಮೂರು ವಾರ ಸಾಲಾಗಿ ಸೊನ್ನೆ ಬಂದರೆ ಅಭ್ಯಾಸ ಸಾಲದು ಅನ್ನುವುದಕ್ಕಿಂತ ಬೇರೆ ಕಾರಣ ಇರಬೇಕು. ಬರೆಯದಿದ್ದರೆ ನನ್ನ ಕೈಯನ್ನೇ ಬೈದುಕೊಂಡು ಬಿಟ್ಟುಬಿಡುತ್ತಿದ್ದೆ.

ಮಳೆಗಾಲದ ಇನ್ನೊಂದು ಸಂಕಟ ಥಂಡಿ. ಮರ ತೇವ ಹೀರಿ ಉಬ್ಬುತ್ತದೆ, ತಂತಿ ಫ್ರೆಟ್‌ನಿಂದ ಮೇಲೇಳುತ್ತದೆ, ಒತ್ತಲು ಕಷ್ಟ. ಪುಷ್ಯ ಮಳೆಯಲ್ಲಿ ಹಪ್ಪಳವೂ ಬೆಚ್ಚಗಿರುವ ಜಾಗ ಅಂತ ಗಿಟಾರನ್ನು ಬಚ್ಚಲೊಲೆಯ ಪಕ್ಕದ ಗೋಡೆಗೆ ನೇತುಹಾಕಿದೆ. ನಾಲ್ಕೇ ದಿನಕ್ಕೆ ಸೇತುವೆಯ ಹಿಂಬದಿಯಲ್ಲಿ ಅಂಟು ಬಿಡಲು ಶುರುವಾಯಿತು. ಕಾಗದ ತೂರಿಸಿದರೆ ಒಳಗೆ ಹೋಗುತ್ತಿತ್ತು. ಹಪ್ಪಳದ ಬುದ್ಧಿ ಗಿಟಾರಿಗೆ ಆಗುವುದಿಲ್ಲ. ರಿಪೇರಿ ಮಾಡಿಸಿ, ಈಗ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮಂಚದ ಪಕ್ಕ ಇಡುತ್ತೇನೆ.

ಇನ್ನು ಗಾಂಧಾರದ ಕಥೆ. ಲೀಡ್‌ಗೆ ಕಲಿತ ಐದು ಸ್ವರ: ಎ, ಸಿ, ಡಿ, ಇ, ಜಿ. 5ನೇ ಫ್ರೆಟ್‌ನಿಂದ ಒಂದು ಚೌಕದೊಳಗೆ ಎಲ್ಲವೂ ಸಿಗುತ್ತವೆ. ನಾನು ಮೇಲೆ ಕೆಳಗೆ ನುಡಿಸುತ್ತಿದ್ದರೆ ಅಡುಗೆಮನೆಯಿಂದ ಅತ್ತಿಗೆ, "ಶುದ್ಧ ಧನ್ಯಾಸಿ ಯಾವಾಗ ಕಲಿತೆ?" ಅಂದರು. ಎ ಅನ್ನು ಷಡ್ಜ ಅಂದುಕೊಂಡರೆ ಹೌದು, ಅವೇ ಸ್ವರಸ್ಥಾನಗಳು. ಆದರೆ ಬ್ಲೂಸ್‌ನವರು ಸಿ ಅನ್ನು, ಅಂದರೆ ಗಾಂಧಾರವನ್ನು, ಅಲ್ಲೇ ಬಿಡುವುದಿಲ್ಲ, ಚೂರೇ ಚೂರು ಮೇಲಕ್ಕೆ ತಳ್ಳುತ್ತಾರೆ, ಸಿ ಶಾರ್ಪ್ ಮುಟ್ಟುವುದೂ ಇಲ್ಲ. ಇದನ್ನು ಎರಡು ತಿಂಗಳು ವಿಡಿಯೋ ನೋಡಿ ಮಾಡಿದರೂ ಕಿವಿಗೆ ಬರಲಿಲ್ಲ. ಅತ್ತಿಗೆ ಒಂದು ಹಳೆಯ ಬ್ಲೂಸ್ ರೆಕಾರ್ಡಿಂಗ್ ಕೇಳಿ, "ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ನಿಲ್ಲಿಸಿದಾರೆ. ನಮ್ಮಲ್ಲಾದರೆ ಆಂದೋಳನ ಮಾಡ್ತಿದ್ವಿ, ಇವರು ಸುಮ್ಮನೆ ಒತ್ತಿ ಹಿಡಿದಿದಾರೆ" ಅಂದರು. ಅದನ್ನು ಹಾಡಿಯೂ ತೋರಿಸಿದರು. ಅವರು ಹಾಡಿದ್ದನ್ನು ಹಿಡಿದು ತಂತಿ ತಳ್ಳಿದಾಗ ಸಿಕ್ಕಿತು. ಇದಕ್ಕೆ ಮಾತ್ರ ಟ್ಯೂನರ್ ಅಳತೆ ಇಟ್ಟಿಲ್ಲ. ಪುಸ್ತಕದಲ್ಲಿ "ಗ: ಅತ್ತಿಗೆ ಒಪ್ಪಿದರು" ಅಥವಾ "ಗ: ಮುಖ ಕಿವುಚಿದರು" ಅಂತ ಇರುತ್ತದೆ.

ಮೂರನೇ ಅಳತೆ ಖಾಲಿ ಜಾಗ. ಲೀಡ್ ಸುತ್ತಿನಲ್ಲಿ ಎರಡು ಬಡಿತಕ್ಕಿಂತ ಹೆಚ್ಚು ಹೊತ್ತು ಸುಮ್ಮನಿದ್ದದ್ದು ಎಷ್ಟು ಸಲ? ಮೊದಮೊದಲು ಒಂದೂ ಇಲ್ಲ. ಉಸಿರು ತೆಗೆದುಕೊಳ್ಳದೆ ಮಾತಾಡುವವರ ಹಾಗೆ. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ತಮಗೆ ಹಾಡುತ್ತಾ ನುಡಿಸಲು ಬರುವುದಿಲ್ಲ ಅನ್ನುತ್ತಿದ್ದರು. ಒಂದು ಸಾಲು ಹಾಡಿ ಬಾಯಿ ಮುಚ್ಚಿದ ಮೇಲೆಯೇ ಗಿಟಾರ್ ಮಾತಾಡುತ್ತಿತ್ತು. ನನಗೆ ಹಾಡಲು ಬರುವುದಿಲ್ಲ, ಆದ್ದರಿಂದ ನುಡಿಸುವ ಮುಂಚೆ ಮನಸ್ಸಿನಲ್ಲೇ ಒಂದು ಮಾತು ಹೇಳಿಕೊಳ್ಳುತ್ತೇನೆ. "ಹಾಲು ತರಕ್ಕೆ ಹೋದವ ಎಲ್ಲಿ" ಅಂತಲೋ ಏನೋ. ಅಷ್ಟು ಹೊತ್ತು ಕೈ ಸುಮ್ಮನೆ. ಈ ಅಂಕಿ ಒಂದರಿಂದ ಮೂರಕ್ಕೆ ಏರಲು ಒಂಬತ್ತು ವಾರ ಬೇಕಾಯಿತು. ಬೆಂಡ್‌ಗಿಂತ ಕಷ್ಟ.

ಹೋಲಿಸುವುದು ಹಿಂದಿನ ವಾರದ ಜೊತೆ ಅಲ್ಲ. ವಾರಕ್ಕೆ ವಾರ ನೋಡಿದರೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಸುಮ್ಮನೆ ತಲೆಬಿಸಿ. ಅಪ್ಪಯ್ಯ ದಿನದ ಮಳೆ ಬರೆದರೂ ಮಾತಾಡುವುದು ನಕ್ಷತ್ರದ ಲೆಕ್ಕದಲ್ಲಿ, ಪುನರ್ವಸು ಚೆನ್ನಾಗಿ ಹೊಯ್ತು, ಮಘೆ ಕೈಕೊಟ್ಟಿತು ಅಂತ. ನಾನೂ ಎರಡು ನಕ್ಷತ್ರ ಹಿಂದಿನ, ಅಂದರೆ ಸುಮಾರು ನಾಲ್ಕು ವಾರದ ಹಿಂದಿನ ರೆಕಾರ್ಡಿಂಗ್ ತೆಗೆದು ಇವತ್ತಿನದರ ಪಕ್ಕ ಕೇಳುತ್ತೇನೆ.

ಹಳೆಯ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಕಥೆ ಓದಿದಾಗ ಈ ಪುಸ್ತಕ ನೆನಪಾಯಿತು. ಮಿಸಿಸಿಪಿಯ ಈ ಹುಡುಗನಿಗೆ ಗಿಟಾರ್ ನುಡಿಸಲು ಬರುತ್ತಲೇ ಇರಲಿಲ್ಲ, ಎಲ್ಲೋ ಹೋಗಿ ಬಂದವನು ದಂಗುಬಡಿಸಿದ ಅಂತ ಹಿರಿಯ ಕಲಾವಿದ ಸನ್ ಹೌಸ್ ಹೇಳಿದ್ದರು. ಜನ ಅದಕ್ಕೆ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿದ ಅಂತ ಕಥೆ ಕಟ್ಟಿದರು. ಅವನು ಐಕ್ ಜಿಮ್ಮರ್‌ಮನ್ ಅನ್ನುವವರ ಬಳಿ ಕೂತು ಕಲಿತದ್ದು ಆಮೇಲೆ ಹೊರಬಂತು. 1936, 1937ರಲ್ಲಿ 29 ಹಾಡು ಧ್ವನಿಮುದ್ರಿಸಿ 1938ರಲ್ಲಿ ತೀರಿಕೊಂಡ. ನಡುವಿನ ವಾರಗಳನ್ನು ಯಾರೂ ನೋಡಿರಲಿಲ್ಲ, ಸೈತಾನ ಬಂದು ಕೂತದ್ದು ಅಲ್ಲಿ.

ಅಡಿಕೆ ಕೊಯ್ಲು ಬಂತು. ಹಗಲೆಲ್ಲ ಕೊನೆ ಹೊರುವುದು, ರಾತ್ರಿ ಸುಲಿಯುವವರ ಲೆಕ್ಕ, ಬೇಯಿಸುವ ಹಂಡೆ, ಚೊಗರು ಹಿಡಿದ ಕಪ್ಪು ಕೈ. ಗಿಟಾರ್ ಪೆಟ್ಟಿಗೆ ತೆರೆಯಲಿಲ್ಲ, ಪುಸ್ತಕವನ್ನೂ ಮುಟ್ಟಲಿಲ್ಲ. ಸಂಕ್ರಾಂತಿ ಕಳೆದು ತೆರೆದು ನೋಡಿದರೆ ಏಳು ಭಾನುವಾರಗಳ ಮುಂದೆ ಅಪ್ಪಯ್ಯನ ಅಕ್ಷರದಲ್ಲಿ ಏಳು ಸೊನ್ನೆ. ಕೇಳಿದ್ದಕ್ಕೆ, "ಖಾಲಿ ಬಿಟ್ಟಿದ್ದೆಯಲ್ಲ" ಅಂದರು, ಅಷ್ಟೆ.

ಆ ಸೊನ್ನೆಗಳ ನಂತರದ ಮೊದಲ ಸಾಲು ನನಗೆ ಬಹಳ ಉಪಯೋಗಕ್ಕೆ ಬಂತು. ಕಾರ್ಡ್ ಬದಲಿಸುವುದು ಮುಗ್ಗರಿಸುತ್ತಿತ್ತು, ಮೂರು ಸುತ್ತಿಗೆ 128 ಸೆಕೆಂಡು. ಬೆರಳ ತುದಿ ಮೆತ್ತಗಾಗಿತ್ತು. ಆದರೆ ಬೆಂಡ್ ಹತ್ತಕ್ಕೆ ಐದು, ಬಿಟ್ಟಾಗ ಇದ್ದದ್ದಕ್ಕಿಂತ ಒಂದೇ ಕಡಿಮೆ. ಕಿವಿ ಕಲಿತದ್ದು ಉಳಿದಿತ್ತು, ಕೈ ಕಲಿತದ್ದು ಹೋಗಿತ್ತು. ಹಾಗಾಗಿ ಮುಂದಿನ ವಾರಗಳಲ್ಲಿ ದಿನದ ಇಪ್ಪತ್ತು ನಿಮಿಷದಲ್ಲಿ ಹದಿನೈದನ್ನು ಶಫಲ್‌ಗೇ ಕೊಟ್ಟೆ. ಮೂರು ವಾರಕ್ಕೆ 121.

ಕಳೆದ ಭಾನುವಾರ ನಲವತ್ತೊಂದನೇ ವಾರ. ಸುತ್ತುಗಳು 40, 40, 39. ಬೆಂಡ್ ಏಳು. ಖಾಲಿ ಜಾಗ ಮೂರು. ಒಂಬತ್ತನೇ ಬಾರ್‌ನಲ್ಲಿ ಇ7ಗೆ ಹೋಗುವಾಗ ಇನ್ನೂ ಸ್ವಲ್ಪ ಮುಂಚೆ ಹಾರುತ್ತೇನೆ, ಅದನ್ನು ಕೆಂಪು ಪೆನ್ನಲ್ಲಿ ಬರೆದಿದ್ದೇನೆ. ಅತ್ತಿಗೆ ಗಾಂಧಾರಕ್ಕೆ ಮುಖ ಕಿವುಚಲಿಲ್ಲ. ಈ ವಾರದಿಂದ ಎ ಬಿಟ್ಟು ಇ ಶ್ರುತಿಗೆ ಹೋಗಬೇಕು ಅಂತಿದ್ದೇನೆ. ಅಲ್ಲಿ ಬಿ7 ಅನ್ನುವ ಹೊಸ ಕಾರ್ಡ್ ಬರುತ್ತದೆ, ನಾಲ್ಕು ಬೆರಳೂ ಬೇಕು. ಪುಟ ಗೆರೆ ಹಾಕಿ ಇಟ್ಟಾಯಿತು.