ನಿಮ್ಮೂರಿನ ಚರಿತ್ರೆ ಬರೆಯೋದು ಹೇಗೆ? ಹಳ್ಳದಿಂದ ಶುರುಮಾಡಿ

ಫ್ರಾನ್ಸಿನಲ್ಲಿ ಸುಮಾರು 35 ಸಾವಿರ ಕಮ್ಯೂನ್‌ಗಳಿವೆ. ಹೆಚ್ಚುಕಮ್ಮಿ ನಮ್ಮ ಗ್ರಾಮ ಪಂಚಾಯ್ತಿ ಇದ್ದ ಹಾಗೆ, ಆದರೆ ಎಷ್ಟೋ ಕಮ್ಯೂನ್‌ಗಳಲ್ಲಿ ಇನ್ನೂರು ಜನ ಕೂಡ ಇಲ್ಲ. ಅಂಥ ಪುಟ್ಟ ಹಳ್ಳಿಗೂ ಬರೆದಿಟ್ಟ ಲೆಕ್ಕ ಇರುತ್ತೆ. ಯಾವ ಹೊಳೆ, ಇಗರ್ಜಿ ಯಾವ ಕಾಲದ್ದು, ಮೇಯರ್ ಆದವರು ಯಾರ್ಯಾರು, 1793ರಿಂದ ಈಚೆಗೆ ಊರಲ್ಲಿ ಎಷ್ಟು ಜನ ಇದ್ದರು, ಎಲ್ಲ. 1807ರಲ್ಲಿ ನೆಪೋಲಿಯನ್ ಕಾನೂನು ಮಾಡಿ ಅಳೆಸಿದ ಜಮೀನಿನ ನಕ್ಷೆ ಬೇರೆ. ಮೊದಲ ಮಹಾಯುದ್ಧದಲ್ಲಿ ಸತ್ತ ಊರಿನವರ ಹೆಸರು ಕೊರೆದ ಕಲ್ಲಿಲ್ಲದ ಹಳ್ಳಿ ಅಲ್ಲಿ ಅಪರೂಪ.

ಇದನ್ನೆಲ್ಲ ಓದುವಾಗ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಆಮೇಲೆ ಅನ್ನಿಸಿತು, ನಮಗೇನು ಕಮ್ಮಿ? ಅವರ ಕಲ್ಲಿಗೆ ನೂರು ವರ್ಷ. ನಮ್ಮ ಸೊರಬ, ಶಿಕಾರಿಪುರದ ಕಡೆ ಎಂಟುನೂರು ವರ್ಷದ ವೀರಗಲ್ಲು ಕೆರೆ ಏರಿ ಮೇಲೆ ವಾಲಿಕೊಂಡಿರುತ್ತೆ, ದನ ಮೈ ತಿಕ್ಕಿಕೊಂಡು ಹೋಗುತ್ತೆ. ಅದೂ ಊರಿಗಾಗಿ ಸತ್ತವನ ಕಲ್ಲೇ ಅಲ್ವಾ? ಬರೆದಿಡೋರು ಇಲ್ಲ ಅಷ್ಟೆ. ಹಾಗಾಗಿ ನಾನು ಮಾಡಿದ್ದು, ಮಾಡಿ ಕೆಡಿಸಿದ್ದು, ಎರಡನ್ನೂ ಇಲ್ಲಿ ಹೇಳುತ್ತೇನೆ.

ಊರಿನ ಚರಿತ್ರೆ ಅಂದ ತಕ್ಷಣ ಎಲ್ಲರೂ ಕೆಳದಿ ಅರಸರಿಂದ ಶುರುಮಾಡ್ತಾರೆ. ಬೇಡ. ನೀರಿನಿಂದ ಶುರುಮಾಡಿ. ನಿಮ್ಮ ಮನೆ ಹಿಂದಿನ ಹಳ್ಳ ಕೊನೆಗೆ ಎಲ್ಲಿಗೆ ಹೋಗುತ್ತೆ ಅಂತ ಒಂದು ಸಲ ಕಾಲ್ನಡಿಗೆಯಲ್ಲೇ ಹೋಗಿ ನೋಡಿ. ಸಾಗರ ತಾಲೂಕಿನಲ್ಲಂತೂ ಇದು ತಮಾಷೆಯ ವಿಷಯ. ವರದಾಮೂಲದಲ್ಲಿ ಹುಟ್ಟುವ ವರದೆ ತುಂಗಭದ್ರೆ ಸೇರಿ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಿಂದ ಬರುವ ಶರಾವತಿ ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತಾಳೆ. ಅಂದರೆ ಒಂದೇ ತಾಲೂಕಿನ ಒಂದು ಗುಡ್ಡದ ಆಚೆ ಬಿದ್ದ ಮಳೆ ಒಂದು ಸಮುದ್ರಕ್ಕೆ, ಈಚೆ ಬಿದ್ದದ್ದು ಇನ್ನೊಂದಕ್ಕೆ. ನಿಮ್ಮೂರು ಯಾವ ಕಡೆ? ಇದನ್ನು ಮೊದಲ ಸಾಲಲ್ಲೇ ಬರೆಯಿರಿ.

ಇದಕ್ಕೆ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಸಾಕು. ಅದರಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಗುಡ್ಡದ ಏರಿಳಿತವೂ ಗೆರೆಯಲ್ಲಿ ಕಾಣುತ್ತೆ. ಜೊತೆಗೆ ಕಂದಾಯ ಇಲಾಖೆಯ ಗ್ರಾಮ ನಕ್ಷೆ ಇಟ್ಟುಕೊಳ್ಳಿ. ಹಳೆ ಗಾಡಿ ದಾರಿ, ಮುಚ್ಚಿಹೋದ ಕೆರೆ, ಖರಾಬು (ಸಾಗುವಳಿಗೆ ಬಾರದ ಜಾಗ) ಎಲ್ಲ ಅದರಲ್ಲಿರುತ್ತೆ. ಯಾವ ಸರ್ವೆ ನಂಬರ್ ಮೇಲೆ ನಿಂತಿದ್ದೀರಿ ಅಂತ ನೋಡೋಕೆ ಮೊಬೈಲಲ್ಲಿ ದಿಶಾಂಕ್ ಅನ್ನೋ ಆ್ಯಪ್ ಇದೆ. ಹಾಂ, ನಕ್ಷೆಯಲ್ಲಿ ಊರಿದೆ, ಹೋಗಿ ನೋಡಿದರೆ ಒಂದು ಮನೆಯೂ ಇಲ್ಲ ಅಂತಾದರೆ ಗಾಬರಿಯಾಗಬೇಡಿ. ಅದು ಬೇಚರಾಕ್ ಗ್ರಾಮ. ಪಾರಸಿಯಿಂದ ಬಂದ ಮಾತು, ದೀಪ ಇಲ್ಲದ ಊರು ಅಂತ ಅರ್ಥ. ಜನ ಯಾಕೆ ಬಿಟ್ಟುಹೋದರು ಅಂತ ಕೇಳುತ್ತಾ ಹೋದರೆ ಅದೇ ಒಂದು ಅಧ್ಯಾಯ ಆಗುತ್ತೆ. ಶರಾವತಿ ದಂಡೆಯವರಾದರೆ 1964ರ ಲಿಂಗನಮಕ್ಕಿ ಅಣೆಕಟ್ಟಿಗಿಂತ ಹಿಂದಿನ ನಕ್ಷೆಯನ್ನೇ ಹುಡುಕಿ. ಈಗ ನೀರಿರುವ ಕಡೆ ಅದರಲ್ಲಿ ಊರಿನ ಹೆಸರುಗಳಿರುತ್ತವೆ.

ಆಮೇಲೆ ಜಾಗದ ಹೆಸರು. ಊರಿನ ಹೆಸರಿಗಿಂತ ಗದ್ದೆಯ ಹೆಸರು, ಹಕ್ಕಲಿನ (ಪಾಳುಬಿಟ್ಟ ಜಾಗದ) ಹೆಸರು, ಕಾನಿನ (ದಟ್ಟ ಕಾಡಿನ) ಹೆಸರು ಜಾಸ್ತಿ ಹೇಳುತ್ತೆ. ಮಕ್ಕಿ ಅಂದರೆ ಮಳೆ ನಂಬಿದ ಎತ್ತರದ ಗದ್ದೆ. ಈಗ ಅಲ್ಲಿ ಅಡಿಕೆ ಇದ್ದರೂ ಹೆಸರು ಮಕ್ಕಿಯೇ. ಇದನ್ನೆಲ್ಲ ಕೇಳಬೇಕಾದ್ದು ಸೊಪ್ಪು ತಂದವರನ್ನು, ದನ ಕಾಯ್ದವರನ್ನು. ನಮ್ಮ ಕಡೆ ಮನೆಗಳು ಗುಡ್ಡಕ್ಕೊಂದು, ತೋಟದ ತಲೆಗೊಂದು ಚದುರಿಕೊಂಡಿರೋದರಿಂದ ಒಬ್ಬರನ್ನೇ ಕೇಳಿದರೆ ಅರ್ಧ ಊರು ಬಿಟ್ಟುಹೋಗುತ್ತೆ. ನಾನು ಮೊದಲ ಸಲ ಬರೀ ಗಂಡಸರನ್ನೇ ಕೇಳಿದೆ. ಆಮೇಲೆ ಪಕ್ಕದ ಮನೆ ಅಜ್ಜಿ, "ಚೌಡಿ ಬನದ ಬುಡದಲ್ಲಿ ಬಾವಿ ಇತ್ತಲ್ಲೋ ಮಾರಾಯ, ಅದನ್ನ ಯಾರೂ ಹೇಳಲಿಲ್ವಾ?" ಅಂದರು. ನೀರು ಹೊತ್ತವರಿಗೆ ಬಾವಿ ನೆನಪಿರುತ್ತೆ.

ಈಗ ಕಲ್ಲಿನ ವಿಷಯ. ನನಗೆ ಇಷ್ಟವಾದ ಭಾಗ ಇದೇ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾದಾಟ, ಕೆಲವು ಕಡೆ ದನಗಳೂ ಇರುತ್ತವೆ, ತುರು ಕಾಯೋಕೆ ಹೋಗಿ ಸತ್ತವನು ಅಂತ. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲೆ ಸಾಮಾನ್ಯವಾಗಿ ಲಿಂಗದ ಮುಂದೆ ಕೂತಿರುತ್ತಾನೆ, ತುದಿಯಲ್ಲಿ ಸೂರ್ಯ ಚಂದ್ರ. ಕಂಬದಿಂದ ಚಾಚಿದ ತೋಳು, ಕೈತುಂಬ ಬಳೆ, ಬೆರಳಲ್ಲಿ ನಿಂಬೆಹಣ್ಣು ಕಂಡರೆ ಅದು ಮಾಸ್ತಿಕಲ್ಲು, ಸತಿ ಹೋದವಳ ನೆನಪಿನದು.

ನಮ್ಮೂರ ದೇವಸ್ಥಾನದ ಹಿಂದೆ ಒಂದು ಚಪ್ಪಡಿ ಇದೆ. ಮಧ್ಯಾಹ್ನ ನೋಡಿದರೆ ಹಾವಸೆ ಬಿಟ್ಟರೆ ಏನೂ ಕಾಣಲ್ಲ. ಅಕ್ಷರ ಕಾಣಲಿ ಅಂತ ರಂಗೋಲಿ ಪುಡಿ ತಿಕ್ಕಿದ್ದೆ, ದೊಡ್ಡ ತಪ್ಪು. ಪುಡಿ ಸಂದಿಯಲ್ಲಿ ಕೂತು ಮಳೆಗಾಲ ಕಳೆದರೂ ಹೋಗಲಿಲ್ಲ. ಸುಣ್ಣ, ಎಣ್ಣೆ, ತಂತಿ ಬ್ರಷ್ ಯಾವುದೂ ಬೇಡ. ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿದು ಬೆಳಕನ್ನು ಅಡ್ಡಕ್ಕೆ ಬಿಡಿ. ನಾವು ಹಾಗೆ ಮಾಡಿದಾಗ ಮೊದಲು ಒಂದು ಕುದುರೆ ಕಾಲು ಎದ್ದಿತು, ಆಮೇಲೆ ಕತ್ತಿ, ಟಾರ್ಚ್ ಸ್ವಲ್ಪ ಕೆಳಗಿಳಿಸಿದರೆ ಪಟ್ಟಿಯ ಮೇಲೆ "ಸ್ವಸ್ತಿ ಶ್ರೀ". ಮುಂದಿನದು ಸವೆದಿತ್ತು. ಟಾರ್ಚಿನ ದಿಕ್ಕು ಬದಲಿಸುತ್ತಾ ಹತ್ತಿಪ್ಪತ್ತು ಫೋಟೊ ತೆಗೆಯಿರಿ, ಒಂದರಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಕಾಣುತ್ತೆ.

ಹೊಸ ಶಾಸನ ಸಿಕ್ಕಿತು ಅಂತ ಪೇಪರಿಗೆ ಫೋನ್ ಮಾಡುವ ಮೊದಲು ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾ ತೆಗೆದು ನೋಡಿ. ಹಳೆ ಮುದ್ರಣದ 7 ಮತ್ತು 8ನೇ ಸಂಪುಟ ಶಿವಮೊಗ್ಗ ಜಿಲ್ಲೆಯದು, 1902 ಮತ್ತು 1904ರಲ್ಲಿ ಬಂದವು. ಸೊರಬ, ಸಾಗರ, ನಗರ (ಈಗಿನ ಹೊಸನಗರ), ತೀರ್ಥಹಳ್ಳಿ ತಾಲೂಕುಗಳು 8ರಲ್ಲಿ. ತಾಲೂಕು, ಊರು ಅಂತ ಜೋಡಿಸಿದ್ದಾರೆ, ಕನ್ನಡ ಪಾಠವೂ ಇದೆ. ನೂರಿಪ್ಪತ್ತು ವರ್ಷದ ಹಿಂದೆಯೇ ಯಾರೋ ನಿಮ್ಮೂರಿಗೆ ಬಂದು ನಕಲು ಮಾಡಿಕೊಂಡು ಹೋಗಿರಬಹುದು. ಶಾಸನದಲ್ಲಿ ಶಕವರ್ಷ ಇದ್ದರೆ 78 ಕೂಡಿಸಿ, ಶಕ 1482 ಅಂದರೆ ಕ್ರಿ.ಶ. 1560. ಬರೀ ಸಂವತ್ಸರದ ಹೆಸರಿದ್ದರೆ ಹುಷಾರು. ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತೆ.

ಮನೆಗಳಲ್ಲಿ ತಾಮ್ರಪಟ, ಓಲೆಗರಿ, ಕಡತ ಇದ್ದರೆ ಕೊಡಿ ಅಂತ ಕೇಳಬೇಡಿ. ಜಮೀನಿನ ತಕರಾರು ಬರುತ್ತೇನೋ ಅಂತ ಜನ ಹೆದರುತ್ತಾರೆ, ಅದು ತಪ್ಪೂ ಅಲ್ಲ. ಅವರ ಜಗಲಿಯಲ್ಲೇ ಕೂತು, ಅವರೇ ಹಿಡಿದುಕೊಂಡಿರುವಾಗ ಫೋಟೊ ತೆಗೆದು, ಒಂದು ಪ್ರತಿ ಅವರಿಗೇ ಕೊಡಿ. ಓದೋಕೆ ಬರದಿದ್ದರೆ ಕೆಳದಿಯ ಮ್ಯೂಸಿಯಂನಲ್ಲಿ ಕೇಳಬಹುದು, ಅಲ್ಲಿ ಓಲೆಗರಿ, ಕಡತಗಳ ರಾಶಿಯೇ ಇದೆ. ಜನಸಂಖ್ಯೆಗೆ ಜನಗಣತಿಯ ಜಿಲ್ಲಾ ಕೈಪಿಡಿಗಳಿವೆ, 2011ರದ್ದರಿಂದ ಹಿಂದಕ್ಕೆ ಹೋಗಿ. ಶಾಲೆಯ ದಾಖಲಾತಿ ಪುಸ್ತಕದಿಂದ ಶಾಲೆ ಶುರುವಾದ ವರ್ಷ ಮಾತ್ರ ತಗೊಳ್ಳಿ, ಮಕ್ಕಳ ಹೆಸರು ಜಾತಿ ನಮಗೆ ಬೇಡ.

ಬರೆಯುವಾಗ ಒಂದೇ ಕಟ್ಟುನಿಟ್ಟು. ಶಿವಪ್ಪ ನಾಯಕ ಈ ಅರಳಿ ಕಟ್ಟೆಯಲ್ಲಿ ಕೂತಿದ್ದ ಅಂತ ಅಜ್ಜ ಹೇಳಿದರೆ "ಅಜ್ಜ ಹೀಗೆ ಹೇಳುತ್ತಾರೆ" ಅಂತಲೇ ಬರೆಯಿರಿ. ಕಲ್ಲಿನಲ್ಲಿದ್ದದ್ದು, ಕಾಗದದಲ್ಲಿದ್ದದ್ದು, ಬಾಯಿಮಾತಿನದು, ಮೂರಕ್ಕೂ ಬೇರೆ ಬೇರೆ ಗುರುತು ಹಾಕಿ. ಪಾಂಡವರು ಬಂದು ಹೋಗದ ಊರು ಮಲೆನಾಡಲ್ಲಿ ಇಲ್ಲವೇ ಇಲ್ಲ, ಅದನ್ನೂ ಬಿಡಬೇಡಿ, ಗುರುತು ಹಾಕಿದರೆ ಸಾಕು.

ಮುಗಿದ ಮೇಲೆ ನಾಲ್ಕು ಪ್ರತಿ ಮಾಡಿಸಿ. ಶಾಲೆಗೊಂದು, ಪಂಚಾಯ್ತಿ ಲೈಬ್ರರಿಗೊಂದು, ದೇವಸ್ಥಾನಕ್ಕೊಂದು, ನಿಮಗೊಂದು. ಎಡಗಡೆ ಪುಟ ಖಾಲಿ ಬಿಡಿ, ದಾರದಲ್ಲಿ ಒಂದು ಪೆನ್ನು ಕಟ್ಟಿ. ನಮ್ಮೂರ ಪ್ರತಿಯಲ್ಲಿ ಬಾವಿಯ ವಿಷಯ ಬರೆದ ಪುಟದ ಎದುರಿನ ಖಾಲಿ ಪುಟದಲ್ಲಿ ಈಗಾಗಲೇ ಮೂರು ಜನ ಜಗಳ ಆಡಿದ್ದಾರೆ.